ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ: ವಿದ್ಯಾರ್ಥಿವೇತನಗಳ ಪರಿಚಯ

ವಿದ್ಯೆಗಾಗಿ ಊರು ಬಿಡುವುದು ರನ್ನ ಬೆಳಗಲಿಗೆ ಹೊಸತಲ್ಲ. ಬಳೆಗಾರ ಮನೆತನದ ರನ್ನನು ದೂರದ ಗಂಗನಾಡಿಗೆ ತೆರಳಿ ಅಜಿತಸೇನಾಚಾರ್ಯರಲ್ಲಿ ಶಾಸ್ತ್ರ ಕಲಿತನು. ಚಾವುಂಡರಾಯನ ಆಶ್ರಯ ಅವನಿಗೆ ಒದಗಿತು. ಆಧುನಿಕ ಕಾಲದಲ್ಲಿ ನಮ್ಮ ಭಾಗದ ಮಕ್ಕಳಿಗೆ ಅಂಥ ಆಸರೆಯಾದವರಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು ಅಗ್ರಗಣ್ಯರು. 1906ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಶಿಕ್ಷಣಕ್ಕೆ ಮೀಸಲಿಟ್ಟರು. ಮುಂದಿನ ತಲೆಮಾರಿನಲ್ಲಿ ಗೋಕಾಕ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು. ಎಸ್. ಸಿ. ನಂದೀಮಠರು ಲಂಡನ್ನಿನಲ್ಲಿ ವೀರಶೈವವನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡು ಡಾಕ್ಟರೇಟ್ ಪಡೆದರು.

ಇಂದು ಕಬ್ಬಿನ ಹೊಲವನ್ನು ಒತ್ತೆಯಿಟ್ಟು ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಲು ಮುಂದಾಗುವ ಪಾಲಕರನ್ನು ನಾವು ಕಾಣುತ್ತಿದ್ದೇವೆ. ಅದಕ್ಕೂ ಮೊದಲು ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆ ಇರುವ ನೆರವನ್ನು ವಿಚಾರಿಸುವುದು ಲೇಸು.

1959ರಲ್ಲಿ ಆರಂಭವಾದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವು, ಸ್ವಂತ ಹಣದಿಂದ ಬ್ರಿಟನ್ನಿನಲ್ಲಿ ಓದಲು ಶಕ್ತಿಯಿಲ್ಲದವರಿಗೆಂದೇ ಇದೆ. ಬ್ರಿಟಿಷ್ ಸರಕಾರದ ಚೀವನಿಂಗ್ ಒಂದು ವರ್ಷದ ಸ್ನಾತಕೋತ್ತರ ಪದವಿಯ ವೆಚ್ಚವನ್ನು ಭರಿಸುತ್ತದೆ. ಇದಕ್ಕೆ ಸುಮಾರು ಎರಡು ವರ್ಷಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಮಕ್ಕಳು ಮರಳಿ ಬಾರರೆಂದು ಕೊರಗುವ ತಾಯಂದಿರಿಗೆ ಈ ನಿಯಮ ಹಿತವೆನಿಸೀತು! ಜರ್ಮನಿಯ ಡಾಡ್ ಸಂಸ್ಥೆಯು ಕೃಷಿ, ಜಲನಿರ್ವಹಣೆ, ಸಾರ್ವಜನಿಕ ಆರೋಗ್ಯ ಮೊದಲಾದ ಅಭಿವೃದ್ಧಿಪರ ವಿಷಯಗಳಿಗೆ ನೆರವಾಗುತ್ತದೆ. ಘಟಪ್ರಭೆಯ ನೀರನ್ನು ನಂಬಿದ ನಮ್ಮ ಸೀಮೆಯ ಕೃಷಿ ಪದವೀಧರರು ಇದನ್ನು ಮುಖ್ಯವಾಗಿ ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ. ಇಲ್ಲಿಯೂ ಸಾಮಾನ್ಯವಾಗಿ ಎರಡು ವರ್ಷಗಳ ಅನುಭವ ಕೇಳುತ್ತಾರೆ. ಪದವಿ ಪಡೆದು ಆರು ವರ್ಷ ಮೀರಿರಬಾರದು. ಅನುಭವವಿಲ್ಲದ ಹೊಸ ಪದವೀಧರರು ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳನ್ನು ನೋಡಬಹುದು.

ಭಾರತ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ ಹಾಗೂ ಅಲೆಮಾರಿ ಸಮುದಾಯಗಳಿಗಲ್ಲದೆ ಭೂರಹಿತ ಕೃಷಿಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಉಂಟು. ಈ ಸಂಗತಿ ಅನೇಕರಿಗೆ ತಿಳಿದಿಲ್ಲ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ವಿದೇಶ ವಿದ್ಯಾವಿಕಾಸ ಹಾಗೂ 1892ರಷ್ಟು ಹಳೆಯದಾದ ಜೆ. ಎನ್. ಟಾಟಾ ದತ್ತಿ ಇವೆರಡೂ ಸಾಲದ ರೂಪದ ನೆರವುಗಳು. ಮರುಪಾವತಿಯ ಷರತ್ತುಗಳನ್ನು ಓದಿಯೇ ಸಹಿ ಮಾಡತಕ್ಕದ್ದು.

ಅರ್ಜಿಯ ಸಿದ್ಧತೆಗೆ ಒಂದು ವರ್ಷ ಮೊದಲೇ ತೊಡಗಬೇಕು. ಪಾಸ್‌ಪೋರ್ಟ್, ವಿಶ್ವವಿದ್ಯಾಲಯದ ದೃಢೀಕೃತ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಇವು ಒಂದೆರಡು ವಾರಗಳಲ್ಲಿ ಕೈಸೇರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅನರ್ಹತೆಯಲ್ಲ. ಆದರೆ ಅಂಥವರು ಇಂಗ್ಲಿಷ್ ಬರವಣಿಗೆಯ ಅಭ್ಯಾಸಕ್ಕೆ ಹೆಚ್ಚು ತಿಂಗಳುಗಳನ್ನು ಕೊಡಬೇಕಾದೀತು. ಚೀವನಿಂಗ್, ಕಾಮನ್‌ವೆಲ್ತ್ ವೇತನಗಳ ಅರ್ಜಿಗೆ ಶುಲ್ಕವಿಲ್ಲ. ಸೀಟಿನ ಜೊತೆಗೆ ವೇತನವನ್ನೂ ಕೊಡಿಸುವೆನೆಂದು ಮುಂಗಡ ಕೇಳುವ ಮಧ್ಯವರ್ತಿಗೆ ಹಣ ಕೊಡಲಾಗದು.

ಶಿಫಾರಸು ಪತ್ರಕ್ಕಾಗಿ ಕೆಲವರು ಶ್ರೀಮಠಕ್ಕೆ ಬರುತ್ತಾರೆ. ಪೂಜ್ಯರ ಆಶೀರ್ವಾದ ಸದಾ ಇದ್ದೇ ಇದೆ. ಆದರೆ ಈ ಸಂಸ್ಥೆಗಳು ಕೇಳುವುದು ವಿದ್ಯಾರ್ಥಿಯ ಅಧ್ಯಯನವನ್ನು ಅಥವಾ ಕೆಲಸವನ್ನು ಹತ್ತಿರದಿಂದ ಬಲ್ಲವರ ಪತ್ರವನ್ನು. ಆದ್ದರಿಂದ ಕಾಲೇಜು ಬಿಡುವ ಮುನ್ನವೇ ಪ್ರಾಧ್ಯಾಪಕರನ್ನು ಕಂಡು ಒಪ್ಪಿಗೆ ಪಡೆದಿಟ್ಟುಕೊಳ್ಳಬೇಕು.