ಹಿತ್ತಿಲ ಗಿಡವೂ ಮದ್ದೇ: ಕೈಗೆಟಕುವ ಕಾಲೇಜಿನ ಚರಿತ್ರೆ

ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಅಂಗಳದಲ್ಲಿ ಎರಡು ದಿನ ಸಂಭ್ರಮ, ಮೂರನೆಯ ದಿನದಿಂದ ಚಿಂತೆ. ಮುಂದೆ ಎಲ್ಲಿಗೆ? ಪ್ಲಸ್ ವನ್ ಏಕಜಾಲಕದ ಅರ್ಜಿಯಲ್ಲಿ ಯಾವ ಶಾಲೆ ಮೊದಲು, ಯಾವುದು ಕೊನೆಗೆ? ಪ್ಲಸ್ ಟು ಮುಗಿಸಿದವರಿಗೆ ಪದವಿ ಕಾಲೇಜಿನ ವಿಚಾರದಲ್ಲೂ ಇದೇ ಗೊಂದಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಳ್ಳೆಯ ಗ್ರೇಡ್ ಪಡೆದ ಒಬ್ಬ ಹುಡುಗಿ ಅರ್ಜಿಯಲ್ಲಿ ಪೇಟೆಯ ಎರಡೇ ಎರಡು ಶಾಲೆಗಳನ್ನು ಬರೆದಿದ್ದಳು. ಮನೆಯಿಂದ ನಡೆದು ಹೋಗಬಹುದಾದ ಶಾಲೆಯನ್ನು ಯಾಕೆ ಬರೆಯಲಿಲ್ಲ ಎಂದು ನಾವು ಕೇಳಿದರೆ ಅವಳ ತಂದೆ ಹೇಳಿದ್ದು, "ಅದು ಹೇಗೂ ಇದ್ದೇ ಇದೆಯಲ್ಲ ಮಾಷ್ಟ್ರೆ." ಮೊದಲ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಎರಡನೆಯದರಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಆ "ಇದ್ದೇ ಇರುವ" ಶಾಲೆಯೂ ಭರ್ತಿಯಾಗಿತ್ತು. ಕಡೆಗೆ ಪೂರಕ ಪಟ್ಟಿಯಲ್ಲಿ ದೂರದ ಒಂದು ಶಾಲೆಯಲ್ಲಿ, ಬೇಡದ ವಿಷಯದಲ್ಲಿ ಸೀಟು ಸಿಕ್ಕಿತು.

"ಇದ್ದೇ ಇದೆ" ಎಂದು ನಾವು ಅಸಡ್ಡೆ ಮಾಡುವ ಇಂಥ ವಿದ್ಯಾಸಂಸ್ಥೆಗೆ ಅಮೆರಿಕದಲ್ಲಿ ಒಂದು ಹೆಸರಿದೆ: ಸೇಫ್ಟಿ ಸ್ಕೂಲ್. ಅಂದರೆ, ಬಯಸಿದ ದೊಡ್ಡ ಕಾಲೇಜು ಸಿಗದಿದ್ದರೂ ಇದು ಖಂಡಿತ ಸಿಗುತ್ತದೆ ಎಂಬ ಭರವಸೆಯ ಕಾಲೇಜು. ಈ ಮಾತಿನ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಅದರಿಂದ ನಮಗೂ ಕಲಿಯುವುದಿದೆ ಎಂದು ತೋರಿದ್ದರಿಂದ ಈ ಬರಹ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದೊಂದು ಕಾಲೇಜಿಗೂ ಒಂದೊಂದು ಪ್ರವೇಶ ಪರೀಕ್ಷೆ. ಒಬ್ಬರು ಕೇಳುವ ಲ್ಯಾಟಿನ್ ಪುಸ್ತಕ ಬೇರೆ, ಇನ್ನೊಬ್ಬರು ಕೇಳುವ ಗ್ರೀಕ್ ಪುಸ್ತಕ ಬೇರೆ. ಪಾಠ ಮಾಡುವ ಮೇಷ್ಟ್ರುಗಳಿಗೆ ತಲೆನೋವು. ಇದನ್ನು ಸರಿಪಡಿಸಲೆಂದು 1900ರಲ್ಲಿ ಕೆಲವು ಕಾಲೇಜುಗಳು ಸೇರಿ ಕಾಲೇಜ್ ಬೋರ್ಡ್ ಎಂಬ ಮಂಡಳಿ ಕಟ್ಟಿದವು. 1901ರ ಜೂನ್‌ನಲ್ಲಿ ನಡೆದ ಮೊದಲ ಸಾಮಾನ್ಯ ಪರೀಕ್ಷೆಗೆ ಕುಳಿತವರು 973 ಮಂದಿ ಮಾತ್ರ. ಆಗ ಪರೀಕ್ಷೆ ಪಾಸಾದರೆ ಸಾಮಾನ್ಯವಾಗಿ ಪ್ರವೇಶ ಸಿಗುತ್ತಿತ್ತು. ಕಾಲೇಜು ಓದಬಲ್ಲ ಮನೆಗಳೇ ಕಡಿಮೆ. ಹಾಗಾಗಿ "ಸಿಗದಿದ್ದರೆ ಏನು?" ಎಂಬ ಪ್ರಶ್ನೆಯೂ ಅಷ್ಟಾಗಿ ಇರಲಿಲ್ಲ.

ಪ್ರಶ್ನೆ ಹುಟ್ಟಿದ್ದು 1920ರ ದಶಕದಲ್ಲಿ, ಅದೂ ಅಷ್ಟು ಒಳ್ಳೆಯ ಕಾರಣಕ್ಕಲ್ಲ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಗಳಿಸಿ ಹಾರ್ವರ್ಡ್, ಕೊಲಂಬಿಯಾಗಳಿಗೆ ಬರತೊಡಗಿದರು. ಹಾರ್ವರ್ಡಿನಲ್ಲಿ ಅವರ ಪಾಲು ಐದರಲ್ಲಿ ಒಂದನ್ನು ಮೀರಿದಾಗ ಅಲ್ಲಿನ ಅಧ್ಯಕ್ಷ ಲೋವೆಲ್ ಅವರಿಗೆ ಅದು ಸಹ್ಯವಾಗಲಿಲ್ಲ. ನೇರವಾಗಿ ಮಿತಿ ಹಾಕಲು ವಿರೋಧ ಬಂದಾಗ ಅಂಕದ ಜೊತೆಗೆ ನಡತೆ, ವ್ಯಕ್ತಿತ್ವ, ಊರು, ಮನೆತನ ಎಲ್ಲವನ್ನೂ ನೋಡುವ ಪದ್ಧತಿ ಬಂತು. ಅರ್ಜಿಗೆ ಭಾವಚಿತ್ರ ಅಂಟಿಸುವುದೂ ಬಂತು. ಅಂಕ ಇದ್ದರೂ ಸೀಟು ಸಿಗದ ಸ್ಥಿತಿ ಹೀಗೆ ಹುಟ್ಟಿತು. ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್ ಅವರಿಗೂ ಕೊಲಂಬಿಯಾ ಬಾಗಿಲು ತೆರೆಯಲಿಲ್ಲ. ಅವರು ಎಂ.ಐ.ಟಿ. ಸೇರಿದರು.

ಹಾಗಾದರೆ ಬಾಗಿಲು ಮುಚ್ಚಿಸಿಕೊಂಡ ಬಡ ಮಕ್ಕಳು ಎಲ್ಲಿಗೆ ಹೋದರು? ನ್ಯೂಯಾರ್ಕಿನ ಸಿಟಿ ಕಾಲೇಜಿಗೆ. 1847ರಲ್ಲಿ ಫ್ರೀ ಅಕಾಡೆಮಿ ಎಂಬ ಹೆಸರಿನಲ್ಲಿ ಹುಟ್ಟಿದ ಈ ಸರಕಾರಿ ಕಾಲೇಜಿನಲ್ಲಿ 1976ರವರೆಗೂ ಬೋಧನಾ ಶುಲ್ಕ ಇರಲಿಲ್ಲ. ಹುಡುಗರು ಮನೆಯಲ್ಲೇ ಉಂಡು, ರೈಲು ಹಿಡಿದು, ಕಾಲೇಜಿಗೆ ಬಂದು, ಸಂಜೆ ಎಲ್ಲಾದರೂ ದುಡಿದು ಓದುತ್ತಿದ್ದರು. ದೊಡ್ಡ ಮನೆಯವರ ಕಣ್ಣಿಗೆ ಅದು ಬಡವರ ಕಾಲೇಜು. ಅಲ್ಲಿಂದ ಹೊರಬಂದವರನ್ನು ನೋಡಿ. ಸಿದ್ಧ ಉಡುಪಿನ ಕೆಲಸ ಮಾಡುತ್ತಿದ್ದ ಮನೆಯ ಹುಡುಗ ಜೋನಾಸ್ ಸಾಲ್ಕ್ 1934ರಲ್ಲಿ ಅಲ್ಲಿ ಪದವಿ ಪಡೆದರು. ಅವರ ಪೋಲಿಯೋ ಲಸಿಕೆ ಯಶಸ್ವಿ ಎಂದು 1955ರಲ್ಲಿ ಜಗತ್ತಿಗೆ ಗೊತ್ತಾಯಿತು. ಜೂಲಿಯಸ್ ಆಕ್ಸೆಲ್‌ರಾಡ್ 1933ರಲ್ಲಿ ಅಲ್ಲಿ ಓದು ಮುಗಿಸಿ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿದರು, ಎಲ್ಲೂ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ಸಹಾಯಕರಾಗಿ ದುಡಿದು ಮೇಲೆ ಬಂದ ಅವರಿಗೆ 1970ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಂತು. ಆರ್ಥಿಕ ಮುಗ್ಗಟ್ಟಿನಲ್ಲಿ ಮನೆ ಸೋತುಹೋಗಿದ್ದ ಕೆನ್ನೆತ್ ಆರೋ 1940ರಲ್ಲಿ ಅಲ್ಲಿಂದ ಪದವಿ ಪಡೆದರು, 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಸಿಟಿ ಕಾಲೇಜು ಅಗ್ಗವಾಗಿತ್ತು, ಹತ್ತಿರವಿತ್ತು. ಆದರೆ ಕಲಿಕೆಯಲ್ಲಿ ಅಗ್ಗವಾಗಿರಲಿಲ್ಲ. ಬೇರೆಡೆ ಸೀಟು ಸಿಗದ ಜಾಣ ಮಕ್ಕಳು ಒಟ್ಟಾಗಿ ಬಂದು ಸೇರಿದ್ದರಿಂದಲೇ ಅದರ ಮಟ್ಟ ಏರಿತು. ಕಾಲೇಜನ್ನು ದೊಡ್ಡದು ಮಾಡುವುದರಲ್ಲಿ ಕಟ್ಟಡಕ್ಕಿಂತ ಅಲ್ಲಿ ಬಂದು ಕೂರುವ ಮಕ್ಕಳ ಪಾಲು ಹೆಚ್ಚು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮುಂದಿನ ತಿರುವು ಎರಡನೆಯ ಮಹಾಯುದ್ಧದ್ದು. 1944ರ ಕಾನೂನಿನಂತೆ ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರಕಾರವೇ ವಹಿಸಿಕೊಂಡಿತು. 1956ರ ಹೊತ್ತಿಗೆ ಸುಮಾರು 22 ಲಕ್ಷ ಮಂದಿ ಅದರ ನೆರವಿನಿಂದ ಕಾಲೇಜು ಮೆಟ್ಟಿಲು ಹತ್ತಿದ್ದರು. ಅವರ ಹಿಂದೆಯೇ ಮುಂದಿನ ತಲೆಮಾರಿನ ಮಕ್ಕಳ ದಂಡು ಬಂತು. ಪೇರು ಪಡೆದ ಕಾಲೇಜುಗಳಲ್ಲಿ ಸೀಟು ಮಾತ್ರ ಅಷ್ಟಕ್ಕಷ್ಟೇ. ಒಂದೇ ಕಡೆ ಅರ್ಜಿ ಹಾಕಿ ಕೂತರೆ ಕೈ ಖಾಲಿ ಎಂಬುದು ತಿಳಿದ ಮೇಲೆ ಒಬ್ಬೊಬ್ಬರೂ ಹಲವು ಕಡೆ ಅರ್ಜಿ ಹಾಕತೊಡಗಿದರು. 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ ಎಲ್ಲಕ್ಕೂ ಒಂದೇ ನಮೂನೆಯ ಅರ್ಜಿ ತಂದದ್ದರಿಂದ ಇದು ಇನ್ನೂ ಸುಲಭವಾಯಿತು. 1983ರಲ್ಲಿ ಒಂದು ವಾರಪತ್ರಿಕೆ ಕಾಲೇಜುಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟು ಪಟ್ಟಿ ಪ್ರಕಟಿಸಿದ ಮೇಲೆ ಪೇರಿನ ಹುಚ್ಚು ಮತ್ತಷ್ಟು ಹೆಚ್ಚಿತು.

ಅರ್ಜಿಗಳನ್ನು ಮೂರು ಪಾಲು ಮಾಡುವ ರೂಢಿ ಬೆಳೆದದ್ದು ಹೀಗೆ. ಮೊದಲ ಪಾಲಿನಲ್ಲಿ ಕೈ ಚಾಚಿದರೆ ಸಿಗಬಹುದಾದವು, ಎರಡನೆಯದರಲ್ಲಿ ನಮ್ಮ ಅಂಕಕ್ಕೆ ಸರಿಹೊಂದುವಂಥವು, ಮೂರನೆಯದರಲ್ಲಿ ಖಂಡಿತ ಸಿಗುವಂಥವು. ಅಲ್ಲಿನ ಅನುಭವಸ್ಥ ಶಿಕ್ಷಕರು ಮೂರನೆಯದಕ್ಕೆ ಮೂರು ಶರತ್ತು ಹೇಳುತ್ತಾರೆ: ಸೀಟು ಖಚಿತವಾಗಿ ಸಿಗಬೇಕು, ಖರ್ಚು ಮನೆಯವರಿಗೆ ನಿಭಾಯಿಸಲು ಆಗಬೇಕು, ಅಲ್ಲಿಗೆ ಹೋಗಲು ವಿದ್ಯಾರ್ಥಿಗೆ ನಿಜವಾಗಿ ಮನಸ್ಸಿರಬೇಕು. ಹೆಚ್ಚಿನವರು ಮರೆಯುವುದು ಈ ಕೊನೆಯ ಶರತ್ತನ್ನು.

ಈ ಚರಿತ್ರೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಾಯ ವಿಶೇಷವಾದದ್ದು. 1960ರಲ್ಲಿ ಆ ರಾಜ್ಯ ಒಂದು ಮಹಾಯೋಜನೆ ಮಾಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿಗೆ ವಿಶ್ವವಿದ್ಯಾಲಯ, ಮೇಲಿನ ಮೂರನೆಯ ಒಂದು ಪಾಲಿಗೆ ರಾಜ್ಯ ಕಾಲೇಜುಗಳು, ಉಳಿದ ಎಲ್ಲರಿಗೂ ಊರೂರಿನ ಎರಡು ವರ್ಷದ ಕಾಲೇಜುಗಳು. ಅಲ್ಲಿ ಚೆನ್ನಾಗಿ ಓದಿದವರಿಗೆ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವ ದಾರಿ. ಊರಿನ ಕಾಲೇಜು ಕೊನೆಯ ನಿಲ್ದಾಣವಲ್ಲ, ಏಣಿಯ ಮೊದಲ ಮೆಟ್ಟಿಲು ಎಂಬ ಯೋಚನೆ ಇದರ ಹಿಂದಿತ್ತು.

ಪೇರು ಇಲ್ಲದ ಕಾಲೇಜಿನಲ್ಲಿ ಓದಿದರೆ ಬದುಕು ಹಿಂದೆ ಬೀಳುತ್ತದೆಯೆ? 2002ರಲ್ಲಿ ಡೇಲ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ನೋಡಿದರು. ದೊಡ್ಡ ಕಾಲೇಜು ಸೇರಿದವರನ್ನೂ, ಅದೇ ಯೋಗ್ಯತೆ ಇದ್ದು ಸಣ್ಣ ಕಾಲೇಜು ಸೇರಿದವರನ್ನೂ ಹೋಲಿಸಿದಾಗ ಸರಾಸರಿ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು. ತಂದೆತಾಯಿ ಹೆಚ್ಚು ಓದಿರದ ಮಕ್ಕಳಿಗೂ ಹಾಗೆಯೇ ಎಂದು ಅವರ ಮುಂದಿನ ಅಧ್ಯಯನ ತೋರಿಸಿತು. ನಂತರ ಹಾಕ್ಸ್‌ಬಿ ಮತ್ತು ಏವರಿ ಎಂಬವರು ಕಂಡುಕೊಂಡದ್ದು, ಬಡ ಮನೆಯ ಪ್ರತಿಭಾವಂತರಲ್ಲಿ ಬಹುಪಾಲು ಮಂದಿ ದೊಡ್ಡ ಕಾಲೇಜಿಗೆ ಅರ್ಜಿಯನ್ನೇ ಹಾಕುವುದಿಲ್ಲ ಎಂದು.

ಇದನ್ನು ನಾವು ಮುಚ್ಚಿಡಬಾರದು, ಏಕೆಂದರೆ ನಮ್ಮ ಮಕ್ಕಳಲ್ಲಿ ಅನೇಕರು ಇಂಥ ಮನೆಯವರೇ. ಬೀಡಿ ಕಟ್ಟುವ ಅಮ್ಮ, ಅಡಿಕೆ ತೋಟದಲ್ಲಿ ಕೂಲಿ ಮಾಡುವ ಅಪ್ಪ, ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲ. ಇವರಿಗೆ "ಹತ್ತಿರದ್ದೇ ಸಾಕು, ದೊಡ್ಡದಕ್ಕೆ ಆಸೆ ಪಡಬೇಡ" ಎಂದು ಹೇಳುವುದು ಅನ್ಯಾಯ. ದೊಡ್ಡದಕ್ಕೆ ಕೈ ಚಾಚಲೇಬೇಕು. ಹಾಗೆ ಚಾಚುವಾಗ ಕಾಲು ನಿಲ್ಲಲು ಗಟ್ಟಿ ನೆಲವೊಂದಿರಲಿ ಎಂಬುದಷ್ಟೇ ನಮ್ಮ ಮಾತು.

ಪಟ್ಟಿಯಲ್ಲಿ ಹತ್ತಿರದ ಕಾಲೇಜು ಬರೆದರೆ ದೊಡ್ಡದು ತಪ್ಪಿಹೋಗುತ್ತದೆ ಎಂಬ ಭಯವೂ ಕೆಲವರಿಗಿದೆ. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶದ ಮೇಲೆಯೇ ಒಂದು ಪ್ರಬಂಧ ಬರೆದರು. ವಿದ್ಯಾರ್ಥಿ ತನ್ನ ಇಷ್ಟದ ಕ್ರಮವನ್ನು ಬರೆದುಕೊಡಬೇಕು, ಕಾಲೇಜು ಸದ್ಯಕ್ಕೆ ಸೀಟು ಕಾದಿರಿಸಬೇಕು, ಎಲ್ಲರ ಆಯ್ಕೆ ನೋಡಿದ ಮೇಲೆ ಅದನ್ನು ಗಟ್ಟಿ ಮಾಡಬೇಕು ಎಂಬುದು ಅವರ ವಿಧಾನ. ಇಂಥ ಕ್ರಮದಲ್ಲಿ ವಿದ್ಯಾರ್ಥಿ ತನ್ನ ಇಷ್ಟವನ್ನು ಇದ್ದ ಹಾಗೆಯೇ ಬರೆಯುವುದು ಕ್ಷೇಮ ಎಂಬುದು ಮುಂದೆ ಸಾಬೀತಾಯಿತು. ಈ ಕ್ಷೇತ್ರದ ಕೆಲಸಕ್ಕೆ ಶಾಪ್ಲಿ ಅವರಿಗೆ 2012ರಲ್ಲಿ ನೊಬೆಲ್ ಬಂತು. ನಮ್ಮ ಏಕಜಾಲಕದ ಅರ್ಜಿಯಲ್ಲೂ ಆಯ್ಕೆಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ. ಕೆಳಗಿನ ಆಯ್ಕೆ ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಕೆಳಗೆ ಒಂದು ಹೆಸರು ಹೆಚ್ಚು ಬರೆದರೆ ನಷ್ಟವಿಲ್ಲ. ಸಿಕ್ಕಿದ ಸೀಟಿಗೆ ಸೇರದೆ ಬಿಟ್ಟರೆ ಮಾತ್ರ ಪಟ್ಟಿಯಿಂದಲೇ ಹೊರಗೆ. ಆದ್ದರಿಂದ ಹೋಗಲು ಮನಸ್ಸೇ ಇಲ್ಲದ ಶಾಲೆಯನ್ನು ಬರೆಯಬಾರದು, ಮನಸ್ಸಿರುವ ಹತ್ತಿರದ ಶಾಲೆಯನ್ನು ಬಿಡಬಾರದು.

ಇನ್ನು ನಮ್ಮ ಹಿತ್ತಿಲಿನ ಚರಿತ್ರೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ ಕಾಲೇಜೆಂದರೆ ಮಂಗಳೂರು. 1880ರಲ್ಲಿ ಆರಂಭವಾದ ಅಲೋಶಿಯಸ್‌ನಂಥ ಕಾಲೇಜಿಗೆ ಹೋಗಿ ಅಲ್ಲಿ ಉಳಿದು ಓದುವ ತಾಕತ್ತು ಎಷ್ಟು ಮನೆಗಳಿಗಿತ್ತು? 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಮಂಜೇಶ್ವರದಲ್ಲಿ ಶುರುವಾದದ್ದು 1980ರಲ್ಲಿ. ಮನೆಯ ಊಟ ಉಂಡು, ಬಸ್ಸು ಹಿಡಿದು, ಸಂಜೆ ಮರಳಿ ದನಕ್ಕೆ ಹುಲ್ಲು ಹಾಕಿ ಪದವಿ ಪಡೆಯಬಹುದು ಎಂಬುದು ಇಲ್ಲಿನ ಮನೆಗಳಿಗೆ ಹೊಸ ಮಾತಾಗಿತ್ತು. ಹೆಣ್ಣುಮಕ್ಕಳಿಗಂತೂ ಹತ್ತಿರ ಕಾಲೇಜು ಇದೆಯೆ ಇಲ್ಲವೆ ಎಂಬುದೇ ಓದು ಮುಂದುವರಿಯುತ್ತದೆಯೆ ಇಲ್ಲವೆ ಎಂಬುದನ್ನು ತೀರ್ಮಾನಿಸುತ್ತಿತ್ತು. ಕಾಸರಗೋಡಿನ ಕಾಲೇಜಿನಲ್ಲಿ ಕನ್ನಡದಲ್ಲಿ ಸ್ನಾತಕೋತ್ತರದವರೆಗೆ ಓದಬಹುದು. ನಮ್ಮ ಕನ್ನಡ ಶಾಲೆಗಳಲ್ಲಿ ಇಂದು ಪಾಠ ಹೇಳುವ ಎಷ್ಟೋ ಮಂದಿ ಅಲ್ಲಿ ಕಲಿತವರು.

ಅಮೆರಿಕದ ಕತೆಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಒಬ್ಬ ಹುಡುಗ ಹತ್ತಿರದ ಕಾಲೇಜನ್ನು ಬಿಟ್ಟರೆ ನಷ್ಟ ಅವನಿಗೆ. ಇಲ್ಲಿ ನಾವೆಲ್ಲ ಅದನ್ನು ಬಿಟ್ಟರೆ ನಷ್ಟ ಭಾಷೆಗೆ. ಮಕ್ಕಳಿದ್ದರೆ ತರಗತಿ, ತರಗತಿ ಇದ್ದರೆ ಅಧ್ಯಾಪಕರ ಹುದ್ದೆ. ಕನ್ನಡದ ಬೆಂಚು ಖಾಲಿಯಾದರೆ ಹುದ್ದೆ ಹೋಗುತ್ತದೆ, ಒಮ್ಮೆ ಹೋದ ಹುದ್ದೆ ಮರಳಿ ಬರುವುದು ಎಷ್ಟು ಕಷ್ಟ ಎಂಬುದು ಗಡಿನಾಡಿನವರಿಗೆ ಹೇಳಿಕೊಡಬೇಕಿಲ್ಲ. ಹಾಗೆಂದು ಭಾಷೆಯ ಭಾರವನ್ನೆಲ್ಲ ಹದಿನಾರರ ಮಗುವಿನ ಹೆಗಲಿಗೆ ಹಾಕುವುದೂ ಸರಿಯಲ್ಲ. ಡಾಕ್ಟರ್ ಆಗಬೇಕೆನ್ನುವವಳು ಆಗಲಿ, ಮಂಗಳೂರಿಗೋ ಕಣ್ಣೂರಿಗೋ ಹೋಗಲಿ. ಹತ್ತಿರದ ಕಾಲೇಜಿಗೆ ಹೋಗುವವನು ಮಾತ್ರ ತಲೆ ತಗ್ಗಿಸಿ ಹೋಗುವಂತೆ ನಾವು ಮಾಡಬಾರದು. "ಎಲ್ಲೂ ಸಿಗಲಿಲ್ಲವೊ, ಇಲ್ಲಿಗೆ ಬಂದೆಯೊ?" ಎಂದು ಕೇಳುವ ನಾಲಗೆಗಳನ್ನು ನಾವೇ ಬಿಗಿಹಿಡಿಯಬೇಕು.

ಆ ಹುಡುಗಿಯ ತಂಗಿ ಕಳೆದ ಸಲ ಅರ್ಜಿ ತುಂಬುವಾಗ ಮನೆಯವರೇ ಶಾಲೆಗೆ ಬಂದು ನಮ್ಮ ಜೊತೆ ಕೂತರು. ಮೇಲೆ ಪೇಟೆಯ ಶಾಲೆಗಳು, ನಡುವೆ ಎರಡು ಸರಿಹೊಂದುವಂಥವು, ಕೆಳಗೆ ಮನೆಯ ಹತ್ತಿರದ್ದು. "ಅದನ್ನೂ ಬರೆಯಿರಿ ಮಾಷ್ಟ್ರೆ, ಸಿಕ್ಕಿದರೆ ಸಂತೋಷವೇ" ಎಂದರು ತಂದೆ. ಈ ಬಾರಿ ಅರ್ಜಿ ತುಂಬುವ ಮೊದಲು ಪೋಷಕರೂ ಮಕ್ಕಳೂ ಒಂದು ಸಂಜೆ ಹೀಗೆ ಶಾಲೆಯಲ್ಲಿ ಕೂತು ಮೂರು ಪಾಲಿನ ಪಟ್ಟಿ ಮಾಡಲಿ. ನಾವು ಅಲ್ಲಿರುತ್ತೇವೆ.