ಆರು ತುಣುಕುಗಳ ಪಾಠ

ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸುವುದು ಬೇರೆ, ಅವರು ಕೂಡಿ ಕಲಿಯುವಂತೆ ಮಾಡುವುದು ಬೇರೆ. ಮೊದಲನೆಯದು ನ್ಯಾಯಾಲಯದ ಆಜ್ಞೆಯಿಂದ ಆದೀತು. ಎರಡನೆಯದಕ್ಕೆ ಆಜ್ಞೆ ಸಾಲದು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರವು ಈ ಭೇದವನ್ನು 1971ರಲ್ಲಿ ಕಷ್ಟಪಟ್ಟು ಅರಿಯಬೇಕಾಯಿತು.

ವರ್ಣಭೇದವೆಣಿಸಿ ಪ್ರತ್ಯೇಕ ಶಾಲೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಹದಿನೇಳು ವರ್ಷಗಳ ತರುವಾಯ ಆಸ್ಟಿನ್ನಿನ ಬಿಳಿಯರ, ಕಪ್ಪುಜನರ, ಮೆಕ್ಸಿಕೋ ಮೂಲದವರ ಮಕ್ಕಳು ಒಂದೇ ತರಗತಿಗೆ ಬಂದರು. ಕಪ್ಪುಜನರಿಗಿದ್ದ ಆಂಡರ್ಸನ್ ಪ್ರೌಢಶಾಲೆಯನ್ನು ಅದೇ ವರ್ಷ ಮುಚ್ಚಲಾಯಿತು; ಐಕ್ಯದ ಬೆಲೆಯನ್ನು ತೆತ್ತವರಾರೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಕೆಲವೇ ವಾರಗಳಲ್ಲಿ ಶಾಲೆಯ ಅಂಗಳಗಳಲ್ಲಿ ಹೊಡೆದಾಟಗಳು ತಲೆದೋರಿದವು.

ಆಗ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಸಮಾಜ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಅವರನ್ನು ಶಾಲಾಡಳಿತವು ಕರೆಸಿಕೊಂಡಿತು. ಅವರು ಉಪದೇಶಕ್ಕೆ ತೊಡಗಲಿಲ್ಲ. ತಮ್ಮ ಶಿಷ್ಯರೊಡನೆ ತರಗತಿಗಳಲ್ಲಿ ಕುಳಿತು ನೋಡಿದರು. ಕಂಡದ್ದು ಯಾವ ದೇಶದ ಉಪಾಧ್ಯಾಯರಿಗೂ ಹೊಸದಲ್ಲ. ಪ್ರಶ್ನೆ ಕೇಳಿದೊಡನೆ ಏಳೆಂಟು ಕೈಗಳು ಮೇಲೇಳುವುವು. ಒಬ್ಬನನ್ನು ಕರೆದೊಡನೆ ಉಳಿದವರ ಮುಖ ಬಾಡುವುದು. ಅವನು ತಪ್ಪಿದರೆ ಮತ್ತೆ ಅರಳುವುದು. ಉತ್ತರ ತಿಳಿಯದವರು ಗುರುವಿನ ಕಣ್ಣು ತಪ್ಪಿಸಿ ಕೂರುವರು. ಸೌಕರ್ಯವಿಲ್ಲದ ಶಾಲೆಗಳಿಂದ ಬಂದ ಮಕ್ಕಳಿಗೆ ಈ ಪಂದ್ಯದಲ್ಲಿ ಸೋಲು ಕಟ್ಟಿಟ್ಟದ್ದು. ಬರಿಯ ಸಾಮೀಪ್ಯದಿಂದ ಪೂರ್ವಗ್ರಹ ಕರಗದು, ಸಮಾನ ಸ್ಥಾನವೂ ಸಮಾನ ಗುರಿಯೂ ಬೇಕೆಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಪ್ರತಿಪಾದಿಸಿದ್ದರು. ಈ ತರಗತಿಗಳಲ್ಲಿ ಅವೆರಡೂ ಇರಲಿಲ್ಲ.

ಆರನ್ಸನ್ ಪಾಠದ ಸ್ವರೂಪವನ್ನೇ ಬದಲಿಸಿದರು. ಐದನೆಯ ತರಗತಿಯ ಮಕ್ಕಳನ್ನು ಎಲ್ಲ ವರ್ಣದವರೂ ಬೆರೆತ ಸಣ್ಣ ತಂಡಗಳಾಗಿ ವಿಂಗಡಿಸಿದರು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಅವರ ಜೀವನಚರಿತ್ರೆಯನ್ನು ಆರು ಭಾಗ ಮಾಡಿ, ತಂಡದ ಒಬ್ಬೊಬ್ಬರಿಗೆ ಒಂದೊಂದನ್ನು ಮಾತ್ರ ಕೊಟ್ಟರು. ಒಂದೇ ಭಾಗ ಪಡೆದ ಬೇರೆ ಬೇರೆ ತಂಡದವರು ಮೊದಲು ಕಲೆತು ಅದನ್ನು ಚರ್ಚಿಸಬೇಕು; ಬಳಿಕ ಸ್ವಂತ ತಂಡಕ್ಕೆ ಮರಳಿ ಬೋಧಿಸಬೇಕು. ಪರೀಕ್ಷೆ ಮಾತ್ರ ಇಡೀ ಚರಿತ್ರೆಯ ಮೇಲೆ, ಪ್ರತಿಯೊಬ್ಬರಿಗೂ ಪ್ರತ್ಯೇಕ. ಚಿತ್ರದ ತುಣುಕುಗಳನ್ನು ಹೊಂದಿಸುವ ಆಟದ ಹೆಸರೇ ಈ ಪದ್ಧತಿಗೂ ನಿಂತಿತು: ಜಿಗ್‌ಸಾ.

ತಂಡ ಕಟ್ಟಿದ ಮಾತ್ರಕ್ಕೆ ಮಕ್ಕಳ ಹಳೆಯ ಚಾಳಿ ಹೋಗಲಿಲ್ಲ. ಸ್ಪ್ಯಾನಿಷ್ ಮನೆಮಾತಿನ ಬಾಲಕನೊಬ್ಬನಿದ್ದ. ಆರನ್ಸನ್ ತಮ್ಮ ಬರಹದಲ್ಲಿ ಅವನನ್ನು ಕಾರ್ಲೋಸ್ ಎಂದು ಕರೆದಿದ್ದಾರೆ. ಇಂಗ್ಲಿಷಿನಲ್ಲಿ ತನ್ನ ಭಾಗವನ್ನು ಹೇಳಲು ಅವನು ತಡವರಿಸಿದಾಗ ಜೊತೆಗಾರರು ಗೇಲಿಮಾಡಿದರು. ಬಳಿಯಿದ್ದ ಸಹಾಯಕರು ಅವರನ್ನು ಗದರಿಸಲಿಲ್ಲ, ನೀತಿ ಹೇಳಲಿಲ್ಲ. ಪರೀಕ್ಷೆ ಸಮೀಪಿಸುತ್ತಿದೆ, ಅವನಿಗೆ ತಿಳಿದುದು ನಿಮಗೂ ತಿಳಿಯಬೇಕು ಎಂದಷ್ಟೇ ನೆನಪಿಸಿದರು. ಪರಿಹಾಸ್ಯದಿಂದ ನಷ್ಟ ತಮಗೇ ಎಂಬುದು ಕೆಲವು ದಿನಗಳಲ್ಲಿ ಮಕ್ಕಳಿಗೆ ಮನವರಿಕೆಯಾಯಿತು. ಅವನಿಂದ ಉತ್ತರ ಹೊರಡುವಂತೆ ಪ್ರಶ್ನೆ ಕೇಳುವುದನ್ನೂ, ಅವನು ಮುಗಿಸುವವರೆಗೆ ಕಾಯುವುದನ್ನೂ ರೂಢಿಸಿಕೊಂಡರು. ಅವನ ಮಾತೂ ಕ್ರಮೇಣ ತಿಳಿಯಾಯಿತು. ತಾವು ಅರಿತಿದ್ದುದಕ್ಕಿಂತ ಈತ ಬುದ್ಧಿವಂತನೆಂದು ಅವರು ಕಂಡುಕೊಂಡದ್ದು ಆಗಲೇ. ಒಬ್ಬ ಬರೆದು ಉಳಿದವರು ಹೆಸರು ಹಾಕುವ ಗುಂಪುಗೆಲಸದಲ್ಲಿ ಇಂಥ ಶಿಕ್ಷಣ ದೊರೆಯಲಾರದು. ಅಲ್ಲಿ ಯಾರಿಗೂ ಯಾರ ಮಾತೂ ಬೇಕಿರುವುದಿಲ್ಲ.

ಎಂಟು ವಾರಗಳಲ್ಲಿ ಮಕ್ಕಳ ಪರಸ್ಪರ ವಿಶ್ವಾಸವೂ ಆತ್ಮಗೌರವವೂ ಹೆಚ್ಚಿದ್ದವು. ಹಿಂದುಳಿದವರ ಅಂಕಗಳು ಏರಿದವು, ಬಿಳಿಯ ಮಕ್ಕಳವು ಇಳಿಯಲಿಲ್ಲ. ಈ ವೃತ್ತಾಂತವು 1978ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ವರ್ಷಗಳ ಮೇಲೆ ಆರನ್ಸನ್‌ರಿಗೆ ಕಾಗದವೊಂದು ಬಂದಿತು. ಕಾರ್ಲೋಸನ ಕಥೆಯನ್ನೋದಿ, ಆ ಬಾಲಕ ತಾನೇ ಇರಬೇಕೆಂದು ಭಾವಿಸಿ ಬರೆದ ವಿದ್ಯಾರ್ಥಿಗೆ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಆಗತಾನೆ ಪ್ರವೇಶ ದೊರೆತಿತ್ತು.