ಅಡುಗೆಮನೆಗೆ ಬಂದ ದನಿ

ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ನಮ್ಮ ತವರುಮನೆಯಲ್ಲಿ ಆ ಕಿವಿ ಅಮ್ಮನದಾಗಿತ್ತು.

ಸುಳ್ಯದ ಕಡೆಯ ಹಳ್ಳಿಮನೆ ಅದು. ಚಾವಡಿಯ ಗೋಡೆಗೆ ಹೊಡೆದ ಹಲಗೆಯ ಮೇಲೆ ರೇಡಿಯೋ. ಅದಕ್ಕೆ ಅಮ್ಮನೇ ಹೆಣೆದ ಕಸೂತಿಯ ಹೊದಿಕೆ. ಆದರೆ ಕಿವಿ ತಿರುಗಿಸುವ ಅಧಿಕಾರ ಅಪ್ಪನದು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆರಡು ದಿನ ಓಡಿಸುತ್ತಿದ್ದರು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಆಕಾಶವಾಣಿ ಶುರುವಾಗಿದ್ದರೂ ನಮ್ಮ ಗುಡ್ಡಗಳ ನಡುವೆ ಅವುಗಳ ದನಿ ಕರಕರ ಎನ್ನುತ್ತಲೇ ಬರುತ್ತಿತ್ತು. 1976ರ ಡಿಸೆಂಬರಿನಲ್ಲಿ ಮಂಗಳೂರು ನಿಲಯ ಬಂತು. ನಾನಾಗ ಒಂದನೇ ತರಗತಿ. ತುಳು ಮಾತು, ಯಕ್ಷಗಾನ, ತಾಳಮದ್ದಲೆ ಮನೆಯೊಳಗೇ ಬಂದವು.

ಮನೆಯೊಳಗೆ ಎಂದರೆ ಚಾವಡಿಯ ತನಕ. ಅಮ್ಮ ಕೇಳುತ್ತಿದ್ದದ್ದು ಅಡುಗೆಮನೆಯಿಂದ. ಅರ್ಥಧಾರಿ ಹಾಕಿದ ಪ್ರಶ್ನೆ ಕೇಳಿಸಿದರೆ ಉತ್ತರ ಬರುವ ಹೊತ್ತಿಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಉತ್ತರ ಕೇಳಿಸಿದ ದಿನ ಪ್ರಶ್ನೆ ಕಡೆಯುವ ಕಲ್ಲಿನ ಸದ್ದಿನಲ್ಲಿ ಹೋಗಿರುತ್ತಿತ್ತು. ಅವಳ ತವರು ಕಡಬದ ಬಳಿ; ಅಲ್ಲಿ ತಾಳಮದ್ದಲೆ ನಡೆದರೂ ಹೆಂಗಸರು ಒಳಕೋಣೆಯಲ್ಲೇ. ಅಪ್ಪ ಕೆಟ್ಟವರಲ್ಲ. ಕೇಳಿದ್ದರೆ ರೇಡಿಯೋವನ್ನು ಒಳಗಿಡಲು ಬೇಡವೆನ್ನುತ್ತಿರಲಿಲ್ಲ. ಕೇಳಬಹುದೆಂದು ಅಮ್ಮನಿಗೇ ತೋಚಲಿಲ್ಲ.

ಈ ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದ ಮಗ ಎರಡು ಹೆಡ್‌ಫೋನ್ ತಂದ. ಬೆಲೆ ಕೇಳಿ ನನಗೆ ಗಾಬರಿಯಾಯಿತು. ಟೀಚರಾಗಿ ಸೇರಿದ ಮೊದಲ ವರ್ಷದ ನನ್ನ ಸಂಬಳವೆಲ್ಲ ಸೇರಿದರೂ ಅಷ್ಟಾಗುತ್ತಿತ್ತೋ ಇಲ್ಲವೋ! "ಅಮ್ಮಾ, ಇದರಲ್ಲಿ ಕೇಳಿದರೆ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ," ಎಂದ. ಪಾಠ ಮಾಡುವವರ ಚಾಳಿ ನೋಡಿ, ಕೇಳುವ ಮೊದಲು ಅದರ ಚರಿತ್ರೆ ಹುಡುಕಲು ಕೂತೆ.

ಧ್ವನಿಮುದ್ರಣ ಭಾರತಕ್ಕೆ ಬಂದ ಹೊಸತರಲ್ಲಿ, 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಕಹಳೆಯೆದುರು ಕೂತು ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬಳು. ಮರ್ಯಾದಸ್ಥ ಮನೆಯ ಹೆಂಗಸು ಹೊರಗೆ ಹಾಡಬಾರದೆಂಬ ಕಾಲ. ಹಾಗಾಗಿ ತಟ್ಟೆಗೆ ಮೊದಮೊದಲು ಇಳಿದ ಹೆಣ್ಣುದನಿಗಳು ಸಮಾಜ ದೂರವಿಟ್ಟವರದು. ಅವನ್ನು ಮನೆಗೆ ತಂದು ಕೇಳಿದವರು ಮರ್ಯಾದಸ್ಥರೇ!

ಇನ್ನು ಹೆಡ್‌ಫೋನ್. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ಇದನ್ನು ತಯಾರಿಸಿ ನೌಕಾಪಡೆಗೆ ಮಾರಿದ. ತಯಾರಿಸಿದ್ದು ಎಲ್ಲಿ ಗೊತ್ತೇ? ತನ್ನ ಮನೆಯ ಅಡುಗೆಮನೆಯಲ್ಲಿ. ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಮಾಡಿದವ ಜಾನ್ ಕಾಸ್, 1958ರಲ್ಲಿ. 1979ರಲ್ಲಿ ಜಪಾನಿನ ಸೋನಿ ಕಂಪೆನಿಯ ವಾಕ್‌ಮನ್ ಬಂತು. ಅದರ ಮೊದಲ ಮಾದರಿಯಲ್ಲಿ ಇಬ್ಬರು ಕೇಳಲು ಎರಡು ತೂತುಗಳಿದ್ದವು. ಒಬ್ಬರೇ ಕೇಳಿಕೊಂಡು ಕೂರುವುದು ಸಭ್ಯತೆಯಲ್ಲವೆಂಬ ಅಳುಕು ಅವರಿಗೂ ಇತ್ತು.

ಮಗ ತಂದದ್ದರಲ್ಲಿ ಒಂದು ತೆರೆದ ಬಗೆ, ಇನ್ನೊಂದು ಮುಚ್ಚಿದ ಬಗೆ. ತೆರೆದದ್ದರ ಹಿಂಭಾಗ ಜಾಲರಿ. ಗಾಳಿಯಾಡುತ್ತದೆ, ಹಾಡು ತಲೆಯೊಳಗೆ ತುರುಕಿದಂತಲ್ಲದೆ ಎದುರು ಕೂತು ಹಾಡಿದಂತೆ ಕೇಳುತ್ತದೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿಯ ಎಚ್‌ಡಿ 414ರಿಂದ ಇದು ಪ್ರಸಿದ್ಧಿಗೆ ಬಂತು. 1997ರ ಅವರದೇ ಎಚ್‌ಡಿ 600ನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. ಅದು 40,500 ಹರ್ಟ್ಸ್‌ವರೆಗೆ ನುಡಿಯುತ್ತದಂತೆ. ಮನುಷ್ಯನ ಕಿವಿಯ ಮಿತಿ ಹೆಚ್ಚೆಂದರೆ 20,000. ಐವತ್ತು ದಾಟಿದ ನನ್ನಂಥವರಿಗೆ ಅಷ್ಟೂ ಇಲ್ಲ. ಮುಚ್ಚಿದ ಬಗೆಯಲ್ಲಿ ಅಷ್ಟು ವೈಶಾಲ್ಯವಿಲ್ಲ, ಆದರೆ ಹೊರಗಿನ ಸದ್ದು ಒಳಬರುವುದು ಕಡಿಮೆ.

ಪುತ್ತೂರಿನ ನಮ್ಮ ಮನೆಯ ಅಂಗಳಕ್ಕೆ ಶೀಟು ಹಾಕಿದ್ದೇವೆ. ಅದರ ಮೇಲೆ ಜುಲೈ ತಿಂಗಳ ಮಳೆ. ತೆರೆದ ಬಗೆಯಲ್ಲಿ ಭಾಗವತಿಕೆಗಿಂತ ಮಳೆಯೇ ಮುಂದು. ಈ ಕಂಪೆನಿಗಳವರು ಆಟಿ ತಿಂಗಳಲ್ಲೊಮ್ಮೆ ನಮ್ಮೂರಿಗೆ ಬಂದು ಪರೀಕ್ಷೆ ಮಾಡಬೇಕು!

ಆಮೇಲೆ ಅಮ್ಮನ ಸರದಿ. ಅವಳೀಗ ನನ್ನ ಜೊತೆಯಲ್ಲೇ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ತುಸು ಮಂದ. ಮಗ ಸದ್ದನ್ನು ಹದಕ್ಕೆ ತಂದ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹಾಕಿದ್ದು ಲೀಲಾವತಿ ಬೈಪಾಡಿತ್ತಾಯರ ಪದ್ಯಗಳ ಹಳೆಯ ಕ್ಯಾಸೆಟ್ಟಿನ ಪ್ರತಿ. ಗಂಡಸರದೇ ಆಗಿದ್ದ ಭಾಗವತಿಕೆಯ ಪೀಠದಲ್ಲಿ ಕೂತು, ವೃತ್ತಿಮೇಳಗಳಲ್ಲಿ ರಾತ್ರಿಯೆಲ್ಲ ಹಾಡಿಸಿದ ಆ ತಾಯಿ 2024ರಲ್ಲಿ ತೀರಿಕೊಂಡರು. ಒಳ್ಳೆಯ ಹೆಡ್‌ಫೋನಿನ ಒಂದು ಗುಣವೆಂದರೆ ಹಳೆಯ ಟೇಪಿನ ದೋಷವನ್ನೂ ಬಿಡದೆ ತೋರಿಸುತ್ತದೆ. ಸುಂಯ್ ಎಂಬ ಸದ್ದೂ ಚೆನ್ನಾಗಿ ಕೇಳಿತು. ಅಮ್ಮನಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ತೆರೆದದ್ದನ್ನು ಹಾಕಿಕೊಂಡು, "ಇದು ಚಾವಡಿಯಲ್ಲಿ ಕೂತ ಹಾಗಿದೆ," ಎಂದಳು. ಆ ಚಾವಡಿಯಲ್ಲಿ ಅವಳು ಕೂತು ಕೇಳಿದ್ದು ಎಂದು? ಮುಚ್ಚಿದ್ದನ್ನು ಹಾಕಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

"ಅಜ್ಜಿ, ಯಾವುದು ಒಳ್ಳೆಯದು?" ಎಂದು ಮಗ ಸನ್ನೆ ಮಾಡಿ ಕೇಳಿದ.

"ಇದೇ ಇರಲಿ."

"ಇದರಲ್ಲಿ ಯಾರಾದರೂ ಕರೆದರೆ ನಿಮಗೆ ಕೇಳಿಸುವುದಿಲ್ಲವಲ್ಲ?" ಎಂದೆ, ಒಂದು ಕಿವಿಯದನ್ನು ಸರಿಸಿ.

"ಹೌದು ಮಗಳೇ. ಅದಕ್ಕೇ," ಎಂದಳು.

ನಾನು ಸುಮ್ಮನಾದೆ. ಅರುವತ್ತು ವರ್ಷ ಯಾರು ಕರೆದರೂ, ಯಾವ ಪದ್ಯದ ನಡುವೆ ಕರೆದರೂ, "ಬಂದೆ" ಎಂದು ಎದ್ದವಳು ಅವಳು. ಹಾಗೆ ಕರೆದವರಲ್ಲಿ ನಾನೂ ಒಬ್ಬಳು. ಅಪ್ಪನ ರೇಡಿಯೋದ ಬಗ್ಗೆ ಇಷ್ಟೆಲ್ಲ ಬರೆದೆ. ಹಸಿವೆಂದು, ಪುಸ್ತಕ ಕಾಣುವುದಿಲ್ಲವೆಂದು ನಾನು ಕೂಗಿ ತಪ್ಪಿಸಿದ ಪದ್ಯಗಳೆಷ್ಟೋ.

ಯಾವ ಹೆಡ್‌ಫೋನ್ ಉತ್ತಮವೆಂದು ಬಲ್ಲವರು ಬಗೆಬಗೆಯಾಗಿ ಅಳೆಯುತ್ತಾರೆ. ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಹೀಗೆ. ಸಂಜೆ ನಾಲ್ಕಕ್ಕೆ ಅಮ್ಮ ಅದನ್ನು ಹಾಕಿಕೊಂಡು ಕೂರುತ್ತಾಳೆ. ಕಾಫಿಯಾದರೆ ನಾನು ಕರೆಯುವುದಿಲ್ಲ. ಪ್ರಸಂಗ ಮುಗಿದ ಮೇಲೆ ಬಿಸಿ ಮಾಡಿ ಕೊಡುತ್ತೇನೆ.